ಹೊಗೆಗೆ ಮುಂಚಿನ ಕೂಗು

ಮತ್ತೆ ಅದೇ ಎಣ್ಣೆ!

ಹಗ್ಗ ಕಟ್ಟಿ ಎಳೆದು ತಂದ ಹಳದಿ ಸ್ಕೂಲ್ ವ್ಯಾನು ಗ್ಯಾರೇಜಿನ ಅಂಗಳದಲ್ಲಿ ನಿಂತಿತೋ ಇಲ್ಲವೋ, ಅದರ ಹೊಟ್ಟೆಯಿಂದ ತೊಟ್ಟಿಕ್ಕತೊಡಗಿತು. ಮುಂದಿನ ಸೀಟಿನಡಿಯಿಂದ ಸುಟ್ಟ ಎಣ್ಣೆಯ ಕಮಟು. ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಆ ಎಂಜಿನ್ನಿನ ಕ್ಯಾಮ್‌ಶಾಫ್ಟ್ ಸೀಲುಗಳನ್ನು ಹೋದ ವಾರವಷ್ಟೇ ತನ್ನ ಕೈಯಾರೆ ಬದಲಿಸಿದ್ದ. ಅದಕ್ಕೆ ಹಿಂದಿನ ತಿಂಗಳು ಒಮ್ಮೆ. ಅದಕ್ಕೂ ಮೊದಲು ಇನ್ನೊಮ್ಮೆ.

ಡ್ರೈವರ್ ಸೀಟಿನಿಂದ ವ್ಯಾನ್ ಮಾವ ಇಳಿದ. ಸ್ಕೂಲಿನ ಮಕ್ಕಳೆಲ್ಲ ಕರೆಯುವ ಹೆಸರದು. ಬೀದಿಗೂ ಅದೇ ರೂಢಿಯಾಗಿತ್ತು. ಅವನ ಹಿಂದೆ, ಪಕ್ಕದ ಬಾಗಿಲಿನಿಂದ, ಅವನ ಹೆಂಡತಿ ಇಳಿದಳು. ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಅವಳದ್ದು. ಮಕ್ಕಳ ಪಾಲಿಗೆ ಅವಳು ವ್ಯಾನ್ ಅತ್ತೆ.

"ನೋಡ್ಕೊಂಡ್ಯಾ ನಿನ್ನ ಘನಂದಾರಿ ಕೆಲಸಾನ?" ವ್ಯಾನ್ ಮಾವ ಕೂಗಿದ. ಅವನ ಮೀಸೆ ಅದುರುತ್ತಿತ್ತು. "ತುಂಬಿದ ವ್ಯಾನಲ್ಲಿ ಹೊಗೆ! ಮಕ್ಕಳು ಕಿರುಚ್ತಾ ರಸ್ತೆಗೆ ಇಳಿದ್ರು. ಒಬ್ಬ ಪೋಷಕರು ಅಲ್ಲೇ ಇದ್ರು. ಸಂಜೆ ಪೊಲೀಸ್ ಸ್ಟೇಷನ್ನಿಗೆ ಹೋಗ್ತಾರಂತೆ. ನನ್ನ ಮೇಲಲ್ಲ — ನಿನ್ನ ಮೇಲೆ ಕಂಪ್ಲೇಂಟ್ ಕೊಡೋಕೆ!"

"ಮಾವ, ನಾನು ಸೀಲು ಸರಿಯಾಗೇ..."

"ಸರಿಯಾಗಿ ಹಾಕಿದ್ರೆ ಯಾಕಪ್ಪಾ ಸೋರುತ್ತೆ? ಹೇಳು! ಯಾಕೆ ಸೋರುತ್ತೆ?"

ಅದೇ ಪ್ರಶ್ನೆ ಮೇಸ್ತ್ರಿಯನ್ನೂ ಒಳಗೊಳಗೇ ಕೊರೆಯುತ್ತಿತ್ತು. ಎಂಜಿನ್ನಿನ ತಲೆಯ ಭಾಗದಲ್ಲಿ ಉದ್ದಕ್ಕೆ ತಿರುಗುವ ದಂಡ ಕ್ಯಾಮ್‌ಶಾಫ್ಟ್. ಅದು ಹೊರಗೆ ಇಣುಕುವ ತುದಿಗಳಲ್ಲಿ ಬಳೆಯಂಥ ರಬ್ಬರ್ ಸೀಲು ಕೂತು ಎಣ್ಣೆಯನ್ನು ಒಳಗೇ ತಡೆದಿಡುತ್ತದೆ. ರಬ್ಬರ್ ಒಣಗಿದರೆ ಸೋರುತ್ತದೆ. ಸೊಟ್ಟಗೆ ಕೂರಿಸಿದರೆ ಸೋರುತ್ತದೆ. ದಂಡಕ್ಕೆ ಗೀರು ಬಿದ್ದಿದ್ದರೆ ಸೋರುತ್ತದೆ. ಇದರಲ್ಲಿ ಯಾವುದೂ ಆಗಿಲ್ಲವೆಂದು ಅವನು ಬೆಳಕು ಹಿಡಿದು ನೋಡಿದ್ದ, ಬೆರಳಾಡಿಸಿ ನೋಡಿದ್ದ. ಹಾಗಾದರೆ?

"ಕೂಗಾಟ ಸಾಕು," ಎಂಬ ದನಿ ಕೇಳಿತು.

ಗ್ಯಾರೇಜಿನ ಯಜಮಾನಿ ಆಫೀಸು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿ ತಲೆ ಬೆಳ್ಳಗೆ ಮಾಡಿಕೊಂಡು, ನಿವೃತ್ತಳಾದ ಮೇಲೆ ತಂದೆಯ ಗ್ಯಾರೇಜನ್ನು ವಹಿಸಿಕೊಂಡವಳು. ಬೀದಿಯವರಿಗೆ ಅವಳು ಈಗಲೂ 'ಸಿಸ್ಟರ್'. ಸ್ಪ್ಯಾನರ್ ಹಿಡಿಯಲು ಬಾರದು. ಆದರೆ ಪ್ರಶ್ನೆ ಕೇಳಲು ಕೂತಳೆಂದರೆ ಎದುರಿನವರು ರೋಗಿಗಳ ಹಾಗೆ ನಾಲಿಗೆ ಚಾಚಿ ತೋರಿಸುವುದೊಂದು ಬಾಕಿ.

"ಸಿಸ್ಟರ್, ಒಂದೇ ಮಾತು," ಎಂದ ವ್ಯಾನ್ ಮಾವ. "ಈ ಮನುಷ್ಯ ಇಲ್ಲಿರಬೇಕು, ಇಲ್ಲಾ ಸ್ಕೂಲಿನ ವ್ಯಾನುಗಳು ಇಲ್ಲಿಗೆ ಬರಬೇಕು. ಎರಡರಲ್ಲೊಂದು. ಸಂಜೆ ಸ್ಕೂಲಿನ ಆಫೀಸಿಂದ ಫೋನ್ ಮಾಡ್ತಾರೆ. ಏನು ಹೇಳ್ತೀರೋ ನೋಡ್ಕೊಳ್ಳಿ."

ಸಿಸ್ಟರ್‌ನ ದೃಷ್ಟಿ ಮೇಸ್ತ್ರಿಯ ಕೈಗಳ ಮೇಲೆ ಇಳಿದು, ಅಲ್ಲೇ ಒಂದು ಗಳಿಗೆ ನಿಂತಿತು. ಇವರೂ ನನ್ನನ್ನೇ ಅನುಮಾನಿಸುತ್ತಾರಾ?

"ಮೇಸ್ತ್ರಿ, ನಿಮಗೆ ಯಾರ ಮೇಲೆ ಅನುಮಾನ?" ಎಂದು ಕೇಳಿದಳು.

"ಗ್ಯಾರಂಟಿ ಮೇಲೆ," ಎಂದ ಅವನು ಥಟ್ಟನೆ.

ಗ್ಯಾರಂಟಿ ಎಂದರೆ ಎದುರಿನ ಸ್ಪೇರ್ ಪಾರ್ಟ್ಸ್ ಅಂಗಡಿಯವನು. ಏನು ಕೊಂಡರೂ 'ಗ್ಯಾರಂಟಿ ಸಾರ್, ಗ್ಯಾರಂಟಿ' ಎನ್ನುತ್ತಿದ್ದ. ಏನು ಕೆಟ್ಟರೂ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಮಾಯವಾಗುತ್ತಿದ್ದ. ಮೇಸ್ತ್ರಿ ಹೊಗೆಯಾಡುತ್ತಿದ್ದ ಎಂಜಿನ್ನಿನಿಂದ ದಂಡದ ಹಿಂತುದಿಯ ಸೀಲನ್ನು ಕಿತ್ತು, ಅಂಗೈಯಲ್ಲಿಟ್ಟುಕೊಂಡು ರಸ್ತೆ ದಾಟಿದ. ಸಿಸ್ಟರ್ ಹಿಂದೆಯೇ ಬಂದಳು.

"ಇದು ಡೂಪ್ಲಿಕೇಟ್ ಮಾಲಲ್ವಾ?"

"ಅಯ್ಯೋ, ಬಾಯಿಬಿಟ್ಟು ಅನ್ಬೇಡಿ!" ಗ್ಯಾರಂಟಿ ಕಿವಿ ಮುಚ್ಚಿಕೊಂಡ. "ಒರಿಜಿನಲ್! ಗ್ಯಾರಂಟಿ!"

"ಮತ್ತೆ ಯಾಕೆ ಸೋರ್ತು?"

"ಅದು ಹಾಕಿದ ಕೈನ ಕೇಳಿ ಮೇಸ್ತ್ರಿ. ಮಾಲು ಮಾತಾಡಲ್ಲ."

ಮೇಸ್ತ್ರಿಯ ಮುಷ್ಟಿ ಬಿಗಿಯಿತು. ಸಿಸ್ಟರ್ ನಡುವೆ ಬಂದಳು.

"ಇದೇ ಡಬ್ಬಿಯ ಸೀಲು ಬೇರೆ ಯಾವ ಕಾರಿಗಾದ್ರೂ ಹಾಕಿದ್ದೀರಾ ಮೇಸ್ತ್ರಿ?"

"ಹಾಕಿದ್ದೀನಿ. ಹಲ್ಲಿನ ಡಾಕ್ಟರ ಕಾರಿಗೆ. ಆ ಬೇಕರಿಯವರ ವ್ಯಾನಿಗೆ. ಅದೂ ಇದೇ ಎಂಜಿನ್ನು."

"ಅವು ಸೋರ್ತಾ ಇವೆಯಾ?"

ಬೇಕರಿಯವರ ವ್ಯಾನು ಬೆಳಗ್ಗೆಯಷ್ಟೇ ಟೈರಿಗೆ ಗಾಳಿ ಹೊಡೆಸಲು ಬಂದಿತ್ತು. ಅದರ ಎಂಜಿನ್ನು ಒರೆಸಿಟ್ಟ ತಟ್ಟೆಯ ಹಾಗಿತ್ತು.

"ಇಲ್ಲ," ಎಂದ ಮೇಸ್ತ್ರಿ.

"ಹಾಗಾದ್ರೆ ಸೀಲು ಕೆಟ್ಟದ್ದಲ್ಲ. ಹಾಕಿದ ಕೈಯೂ ಕೆಟ್ಟದ್ದಲ್ಲ. ಡಬ್ಬಿ ಅದೇ, ಕೈ ಅದೇ. ವ್ಯಾನು ಮಾತ್ರ ಬೇರೆ." ಸಿಸ್ಟರ್ ತಿರುಗಿ ಹೊರಟಳು. "ಮೂಗಲ್ಲಿ ಮತ್ತೆ ಮತ್ತೆ ರಕ್ತ ಬಂದ್ರೆ ನಾವು ಮೂಗನ್ನೇ ನೋಡ್ತಾ ಕೂರ್ತಿರಲಿಲ್ಲ ಮೇಸ್ತ್ರಿ. ಬಿಪಿ ನೋಡ್ತಿದ್ವಿ."

ಸಿಸ್ಟರ್ ತನ್ನ ಕೈಕೆಲಸವನ್ನು ಅನುಮಾನಿಸಿಲ್ಲವೆಂದು ಮೇಸ್ತ್ರಿಗೆ ತುಸು ಜೀವ ಬಂತು. ಬಿಪಿಯ ಮಾತು ಮಾತ್ರ ತಲೆಗೆ ಹತ್ತಲಿಲ್ಲ.

ಗ್ಯಾರೇಜಿನಲ್ಲಿ ಸಿಸ್ಟರ್ ವ್ಯಾನ್ ಮಾವನನ್ನು ಬೆಂಚಿನ ಮೇಲೆ ಕೂರಿಸಿದಳು. ಅತ್ತೆ ತುಸು ದೂರದಲ್ಲಿ, ಟೈರುಗಳ ರಾಶಿಯ ಪಕ್ಕ, ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು.

"ಬೆಳಗ್ಗೆಯಿಂದ ನಡೆದದ್ದೆಲ್ಲ ಹೇಳಿ. ಏನೂ ಬಿಡಬೇಡಿ."

"ಹೇಳೋಕೇನಿದೆ? ನಿನ್ನೆ ಸಂಜೆ ಪೆಟ್ರೋಲ್ ಹಾಕಿಸ್ಕೊಂಡು ಬಂದು ಮನೆ ಮುಂದೆ ನಿಲ್ಲಿಸಿದೆ. ಬೆಳಗ್ಗೆ ಎದ್ದು ಎಂದಿನ ಹಾಗೆ ವ್ಯಾನಿನ ಸುತ್ತ ಒಂದು ಸುತ್ತು ಹಾಕ್ದೆ. ಕೆಳಗೆ ನೋಡ್ದೆ."

"ಎಣ್ಣೆ ಇತ್ತಾ?"

"ಒಂದು ಹನಿ ಇರಲಿಲ್ಲ. ನನ್ನ ಕಣ್ಣಾಣೆ!"

"ಆಮೇಲೆ?"

"ಮಕ್ಕಳನ್ನ ಹತ್ತಿಸ್ಕೊಂಡ್ವಿ. ದೊಡ್ಡ ರಸ್ತೆಗೆ ಬಂದ್ವಿ. ಇವಳೇ ಮೊದಲು ಕೂಗಿದ್ದು — 'ಹೊಗೆ! ನಿಲ್ಲಿಸಿ, ನಿಲ್ಲಿಸಿ!' ಅಂತ. ಬ್ರೇಕ್ ಹಾಕ್ದೆ. ಮಕ್ಕಳನ್ನೆಲ್ಲ ಇಳಿಸಿದ್ವಿ. ಆಮೇಲೆ ಸೀಟು ಎತ್ತಿ ನೋಡ್ತೀನಿ, ಎಕ್ಸಾಸ್ಟ್ ಪೈಪಿನ ಮೇಲೆ ಎಣ್ಣೆ ಬಿದ್ದು ಆಗ ಹೊಗೆ ಏಳ್ತಾ ಇದೆ."

"ಅವರು ಕೂಗಿದಾಗ ನಿಮಗೆ ಹೊಗೆ ಕಾಣ್ತಾ?"

"ಇಲ್ಲ."

"ವಾಸನೆ?"

"ಉಹುಂ. ಇವಳ ಮೂಗು ಬಲು ಚುರುಕು." ಆ ಸಿಟ್ಟಿನಲ್ಲೂ ಅವನ ದನಿಯಲ್ಲೊಂದು ಹೆಮ್ಮೆ ಸುಳಿಯಿತು. "ಮಕ್ಕಳ ಪುಣ್ಯ."

ಸಿಸ್ಟರ್ ಅತ್ತೆಯ ಕಡೆ ನೋಡಲಿಲ್ಲ. "ಇನ್ನೇನಾದ್ರೂ ವಿಚಿತ್ರ?"

"ಇನ್ನೇನು... ಹಾಂ, ಆಯಿಲ್ ಅಳೆಯೋ ಕಡ್ಡಿ ತಾನಾಗೇ ಮೇಲೆದ್ದು ನಿಂತಿತ್ತು. ಸುತ್ತ ಎಣ್ಣೆ ಎರಚಿತ್ತು. ನಾನೇ ಒತ್ತಿ ಕೂರಿಸ್ದೆ. ಹೋದ ಸಲವೂ ಹಾಗೇ ಆಗಿತ್ತು. ಇವನು ಸರಿಯಾಗಿ ಹಾಕಿರಲ್ಲ, ಅಷ್ಟೆ."

ಮೇಸ್ತ್ರಿ ಒರೆಸುವ ಬಟ್ಟೆ ಬಿಸುಟು ಮುಂದೆ ಬಂದ.

"ಏನಂದ್ರಿ? ಕಡ್ಡಿ ಮೇಲೆದ್ದಿತ್ತಾ? ಇದನ್ನ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ?"

ಮೇಸ್ತ್ರಿ ಆಗಲೇ ವ್ಯಾನಿಗೆ ಹಾರಿದ್ದ. ಬಿಪಿ! ಸಿಸ್ಟರ್ ಹೇಳಿದ್ದು ಈಗ ತಲೆಗೆ ಹೊಳೆಯಿತು. ಓಡುವ ಎಂಜಿನ್ನಿನ ಒಳಗೆ ಗಾಳಿ ಸೇರುತ್ತದೆ. ಅದು ಹೊರಹೋಗಲು ಎಂಜಿನ್ನಿನ ತಲೆಯಿಂದ ಏರ್ ಫಿಲ್ಟರಿಗೆ ಒಂದು ರಬ್ಬರ್ ಪೈಪ್ ಇರುತ್ತದೆ. ಎಂಜಿನ್ನು ಉಸಿರು ಬಿಡುವ ದಾರಿ. ಆ ದಾರಿ ಕಟ್ಟಿದರೆ ಒಳಗಿನ ಒತ್ತಡ ಸಿಕ್ಕಿದ ಸಂದಿಯಲ್ಲಿ ಎಣ್ಣೆಯನ್ನು ನೂಕುತ್ತದೆ. ಹೊಚ್ಚ ಹೊಸ ಸೀಲಾದರೂ ಸೋರುತ್ತದೆ. ಕಡ್ಡಿಯೂ ಎದ್ದು ನಿಲ್ಲುತ್ತದೆ!

ಪೈಪಿನ ಕ್ಲಿಪ್ಪು ಹಿಡಿದವನು ತಡೆದ. ಮೊದಲ ಸಲ ಈ ಪೈಪಿನಲ್ಲಿ ಕಪ್ಪು ಗಸಿ ಕಟ್ಟಿಕೊಂಡಿತ್ತು. ಅದನ್ನು ಬಿಚ್ಚಿ ತೊಳೆದು ಹಾಕಿದವನು ಅವನೇ. ಆಮೇಲಿನ ಸಲ ಊದಿ ನೋಡಿದ್ದ, ಗಾಳಿ ಸಲೀಸಾಗಿ ಹೋಗಿತ್ತು. ಆದರೆ ಈ ಕ್ಲಿಪ್ಪಿನ ತುಂಬ ಹೊಸ ಗೀರುಗಳು. ಯಾರೋ ಇಕ್ಕಳ ಹಾಕಿ ಮತ್ತೆ ಮತ್ತೆ ಬಿಚ್ಚಿದ್ದರು.

ಪೈಪ್ ಎಳೆದ. ಅದರ ಬಾಯಲ್ಲಿ ಒಂದು ಬಟ್ಟೆಯ ಬಿರಡೆ. ಬಿಗಿಯಾಗಿ ಸುತ್ತಿ, ದಾರದಿಂದ ಹೊಲಿದದ್ದು. ಕೆಳಗೆ ಗೇಣುದ್ದದ ದಾರದ ಬಾಲ — ಬೇಕೆಂದಾಗ ಹಿಡಿದು ಎಳೆಯಲು.

"ಅದಕ್ಕೇ ನಾನು ನೋಡಿದಾಗೆಲ್ಲ ಏನೂ ಸಿಗ್ತಿರಲಿಲ್ಲ," ಎಂದ ಮೇಸ್ತ್ರಿ. "ಇಲ್ಲಿಗೆ ತರೋ ಮೊದಲು ಎಳೆದು ತೆಗೀತಿದ್ರು. ಇವತ್ತು ದಾರಿಯಿಂದ ಸೀದಾ ಎಳೆದು ತಂದದ್ದಕ್ಕೆ ತೆಗೆಯೋಕೆ ಆಗಲಿಲ್ಲ."

"ಈ ಪೈಪಿನ ವಿಷಯ ಯಾರಿಗೆ ಗೊತ್ತು?" ಎಂದಳು ಸಿಸ್ಟರ್.

"ನನಗೆ ಗೊತ್ತು. ಗ್ಯಾರಂಟಿಗೆ ಗೊತ್ತು." ಮೇಸ್ತ್ರಿ ಹಣೆ ಒತ್ತಿಕೊಂಡ. "ಮೊದಲ ಸಲ ಗಸಿ ತೆಗೆದಾಗ ನಾನೇ ತೋರಿಸಿ ಹೇಳಿದ್ದೆ. 'ನೋಡಿ, ಇದು ಕಟ್ಟಿಕೊಂಡ್ರೆ ಎಣ್ಣೆ ಸೀಲಿಂದ ಹೊರಗೆ ಬರುತ್ತೆ' ಅಂತ. ಅವತ್ತು ಮಾವ ಸ್ಕೂಲಿಗೆ ಹೋಗಿದ್ರು. ಇಲ್ಲಿದ್ದದ್ದು ಅತ್ತೆ. ಮತ್ತೆ ಅವರ ತಮ್ಮ."

ಬಿರಡೆಯ ದಾರವನ್ನು ಸಿಸ್ಟರ್ ಬೆಳಕಿಗೆ ಹಿಡಿದಳು. ಹತ್ತಿಯ ದಾರವಲ್ಲ. ತೆಳ್ಳಗೆ, ಗಾಜಿನ ಹಾಗೆ ಹೊಳೆಯುವ ತಂಗೂಸಿ ದಾರ. ಮೀನಿನ ಗಾಳಕ್ಕೆ ಕಟ್ಟುವಂಥದ್ದು.

ವ್ಯಾನ್ ಮಾವ ಎದ್ದು ನಿಂತ. ಮುಖ ಕೆಂಪಾಗಿ ಹೋಗಿತ್ತು.

"ಗೊತ್ತಾಯ್ತು ಬಿಡಿ. ರಜೆ ಬಂದ್ರೆ ಸಾಕು, ಗಾಳ ತಗೊಂಡು ಕೆರೆ ದಂಡೆ ಮೇಲೆ ಕೂರೋನು ನಮ್ಮನೇಲಿ ಒಬ್ಬನೇ!"

ಕರೆಸುವ ಅಗತ್ಯ ಬೀಳಲಿಲ್ಲ. ವ್ಯಾನ್ ಕೆಟ್ಟ ಸುದ್ದಿ ಕೇಳಿ ಬಾಮೈದ ಆಗಲೇ ಬೈಕಿನಲ್ಲಿ ಬರುತ್ತಿದ್ದ. ಅಕ್ಕ–ಭಾವನ ಮನೆಯಲ್ಲೇ ಇರುವವನು, ಭಾವನಿಗೆ ಆಗದ ದಿನ ವ್ಯಾನ್ ಓಡಿಸುವವನು. ಹೆಲ್ಮೆಟ್ ತೆಗೆಯುವ ಮೊದಲೇ ಸಿಸ್ಟರ್‌ನ ಪ್ರಶ್ನೆ ಬಿತ್ತು.

"ನೀನು ವ್ಯಾನ್ ಓಡಿಸಿದ ದಿನ ಎಣ್ಣೆ ಸೋರಿದೆಯೇನಪ್ಪಾ?"

"ಇಲ್ಲ ಸಿಸ್ಟರ್."

"ಒಂದು ಸಲವೂ?"

"ಒಂದು ಸಲವೂ ಇಲ್ಲ. ಹೋದ ತಿಂಗಳು ಮದುವೆ ಬಾಡಿಗೆಗೆ ಬೆಟ್ಟ ಹತ್ತಿಸಿ ಇಳಿಸಿದ್ದೀನಿ. ಎಂಜಿನ್ನು ಬೆಣ್ಣೆ ಹಾಗಿತ್ತು. ಯಾಕೆ?"

"ಯಾಕಾ?" ವ್ಯಾನ್ ಮಾವ ನುಗ್ಗಿ ಅವನ ಅಂಗಿಯ ಕಾಲರ್ ಹಿಡಿದ. "ವ್ಯಾನ್ ನಿನ್ನ ಕೈಗೆ ಬರಲಿ ಅಂತ ತಾನೆ? ಭಾವನ ಕೈಲಿ ಸೋರುತ್ತೆ, ಬಾಮೈದನ ಕೈಲಿ ಸೋರಲ್ಲ ಅಂತ ಊರೆಲ್ಲ ಹೇಳಲಿ ಅಂತ ತಾನೆ? ನಮ್ಮನೇಲೇ ಉಂಡು..."

"ಭಾವ! ಏನ್ ಮಾತಾಡ್ತಿದೀರಾ?"

"ಬಿಡ್ರೀ ಅವನ್ನ!" ಅತ್ತೆ ಓಡಿ ಬಂದಳು. "ಅವನಲ್ಲ! ಅವನು ಅಂಥೋನಲ್ಲ!"

ಮೇಸ್ತ್ರಿಯ ಒಳಗೆ ಬೆಳಗಿನಿಂದ ಹೊಗೆಯಾಡುತ್ತಿದ್ದ ಸಿಟ್ಟಿಗೆ ಈಗ ಒಂದು ಮುಖ ಸಿಕ್ಕಿತ್ತು. ಈ ಹುಡುಗಾಟದವನಿಂದ ತನ್ನ ಹೆಸರು ಬೀದಿಗೆ ಬಿತ್ತೇ? ಅವನೂ ಒಂದು ಹೆಜ್ಜೆ ಮುಂದಿಟ್ಟ. ಸಿಸ್ಟರ್ ತೋಳು ಹಿಡಿದಳು.

"ನೀವು ನನ್ನ ಜೊತೆ ಬನ್ನಿ. ಇವರ ಮನೆ ಹತ್ತಿರ ಹೋಗಿ ಬರೋಣ. ಉಳಿದವರು ಇಲ್ಲೇ ಇರಿ. ಕೈ ಮಾಡಿದ್ರೆ ನನ್ನಷ್ಟು ಕೆಟ್ಟವಳು ಇನ್ನೊಬ್ಬಳಿಲ್ಲ."

ಮನೆ ಹಿಂದಿನ ಬೀದಿಯಲ್ಲೇ ಇತ್ತು. ಕಿರಿದಾದ ಗೇಟು, ಅದರಾಚೆ ವ್ಯಾನ್ ನಿಲ್ಲುವಷ್ಟೇ ಸಿಮೆಂಟಿನ ಜಾಗ. ಒಣಗಲು ಹಾಕಿದ ಬಟ್ಟೆಗಳ ನಡುವೆ ದಾರಿ ಮಾಡಿಕೊಂಡು ಮೇಸ್ತ್ರಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತ.

ನೆಲದ ಮೇಲೆ ಎಣ್ಣೆ. ಒಂದು ಹನಿಯಲ್ಲ, ಎರಡು ಹನಿಯಲ್ಲ. ಮೊರದಷ್ಟು ಅಗಲದ ಕಪ್ಪು ಮಡು, ಬಿಸಿಲಿಗೆ ಮಿರಮಿರ ಮಿನುಗುತ್ತಿತ್ತು.

"'ಒಂದು ಹನಿ ಇರಲಿಲ್ಲ' ಅಂದ್ರಲ್ಲ!" ಮೇಸ್ತ್ರಿಗೆ ರೇಗಿತು. "ಸುಳ್ಳು! ಎಣ್ಣೆ ನೋಡಿದ್ರೂ ಮಕ್ಕಳನ್ನ ಹತ್ತಿಸ್ಕೊಂಡು ಹೋಗಿದ್ದಾರೆ. ಈಗ ನನ್ನ ತಲೆಗೆ ಕಟ್ತಾ ಇದ್ದಾರೆ."

"ಸುಳ್ಳು ಹೇಳೋನು ಇದನ್ನ ಹೀಗೆ ಬಿಟ್ಟು ಹೋಗ್ತಾನಾ? ಒಂದು ಹಿಡಿ ಮಣ್ಣು ಹಾಕ್ತಿದ್ದ." ಸಿಸ್ಟರ್ ಬಗ್ಗಿದಳು. "ಇಲ್ಲಿ ನೋಡಿ."

ಮಡುವಿನ ಅಂಚನ್ನು ತುಳಿದು ಒಂದು ಚಪ್ಪಲಿಯ ಗುರುತು. ಅಲ್ಲಿಂದ, ವ್ಯಾನ್ ನಿಂತಾಗ ಡ್ರೈವರ್ ಬಾಗಿಲು ಬರುವ ಕಡೆಗೆ ಇನ್ನೊಂದು, ತುಸು ಮಾಸಲು. ದೊಡ್ಡ ಪಾದದ ಗುರುತು. ಜಾರಿದ ಗೆರೆಯಿಲ್ಲ, ತಡೆದು ನಿಂತ ಗುರುತಿಲ್ಲ. ತುಳಿದವನಿಗೆ ತುಳಿದದ್ದೇ ಗೊತ್ತಿಲ್ಲದ ಹಾಗಿತ್ತು.

ಸಿಸ್ಟರ್ ಗೇಟಿನ ಎಡಗಡೆಯ ಕಂಬದ ಹತ್ತಿರ ಹೋಗಿ ಕೈಯಾಡಿಸಿದಳು. ಕಂಬದ ಮೈಗೆ ಹಳದಿ ಬಣ್ಣ ಸವರಿಕೊಂಡಿತ್ತು. ಒಂದರ ಮೇಲೊಂದು, ಹಳೆಯ ಗೀರು, ಹೊಸ ಗೀರು.

"ಇದು ಯಾವಾಗಿಂದ ಮೇಸ್ತ್ರಿ?"

"ಗೊತ್ತಿಲ್ಲ ಸಿಸ್ಟರ್. ವ್ಯಾನಿನ ಎಡಗಡೆ ಗೀರು ಬಿದ್ದಿರೋದು ಹೌದು. ಕನ್ನಡಿನೂ ಒಡೆದಿತ್ತು. ಯಾರೋ ನಿಂತಿದ್ದ ವ್ಯಾನಿಗೆ ಉಜ್ಜಿ ಹೋದ್ರು ಅಂದಿದ್ರು."

"ಯಾರೋ!" ಎಂದಳು ಸಿಸ್ಟರ್. ಅವಳ ಮುಖ ಗಂಭೀರವಾಯಿತು. "ನಡೀರಿ. ಈಗ ಒಂದು ಪರೀಕ್ಷೆ ಬಾಕಿ ಇದೆ."

ಗ್ಯಾರೇಜಿನಲ್ಲಿ ಮೂವರೂ ಮೂರು ದಿಕ್ಕಿಗೆ ಮುಖ ಮಾಡಿ ಕೂತಿದ್ದರು. ಸಿಸ್ಟರ್ ಒಂದು ಸ್ಟೂಲನ್ನು ವ್ಯಾನ್ ಮಾವನ ಎದುರಿಗೆ ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ನನ್ನ ಮೂಗನ್ನೇ ನೋಡ್ತಾ ಇರಿ. ಕಣ್ಣು ಆಚೀಚೆ ಮಾಡಬೇಡಿ."

"ಇದೇನು ಆಟ ಸಿಸ್ಟರ್?"

"ಬೇಸರ ಮಾಡ್ಕೋಬೇಡಿ. ಮೇಸ್ತ್ರಿ ನಿಮ್ಮ ಪಕ್ಕದಿಂದ ಒಂದು ಸ್ಪ್ಯಾನರ್ ತರ್ತಾರೆ. ಕಂಡ ತಕ್ಷಣ 'ಹೂಂ' ಅನ್ನಿ."

ಮೇಸ್ತ್ರಿ ಎಡಗಡೆಯಿಂದ ಸ್ಪ್ಯಾನರನ್ನು ಮೆಲ್ಲಗೆ ಮುಂದಕ್ಕೆ ತಂದ. ಕಿವಿಯ ಪಕ್ಕಕ್ಕೆ ಬಂತು. ಮಾತಿಲ್ಲ. ಕೆನ್ನೆಯ ಪಕ್ಕಕ್ಕೆ ಬಂತು. ಮಾತಿಲ್ಲ. ಇನ್ನೂ ಮುಂದಕ್ಕೆ, ಇನ್ನೂ... ಬೇರೆ ಯಾರಾದರೂ ಆಗಿದ್ದರೆ ಇಷ್ಟರಲ್ಲಿ ಕೈ ತಳ್ಳಿಬಿಡುತ್ತಿದ್ದರು. ಸ್ಪ್ಯಾನರು ಹೆಚ್ಚುಕಡಿಮೆ ಸಿಸ್ಟರ್‌ನ ಮುಖಕ್ಕೆ ಅಡ್ಡ ಬಂದಾಗ ವ್ಯಾನ್ ಮಾವ ಬೆಚ್ಚಿ ಹಿಂದೆ ಸರಿದ.

"ಹೂಂ! ಎಲ್ಲಿಂದ ಬಂತದು?"

ಬಾಮೈದ ತನ್ನ ಕಾಲರ್ ಸರಿಮಾಡಿಕೊಳ್ಳುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದ್ದ.

"ನೇರಕ್ಕೆ ನಿಮಗೆ ಚೆನ್ನಾಗೇ ಕಾಣುತ್ತೆ," ಸಿಸ್ಟರ್ ಮೆತ್ತಗೆ ಹೇಳಿದಳು. "ಅದಕ್ಕೇ ನಿಮಗೂ ಗೊತ್ತಾಗಿಲ್ಲ. ಪಕ್ಕದ್ದು ಹೋಗಿದೆ, ಕೆಳಗಿನದು ಹೋಗಿದೆ. ಬೆಳಗ್ಗೆ ನಿಮ್ಮ ಮನೆ ಮುಂದೆ ಇಷ್ಟಗಲ ಎಣ್ಣೆ ಇತ್ತು. ನೀವು ಅದನ್ನ ತುಳಿದುಕೊಂಡೇ ಹೋಗಿ ವ್ಯಾನ್ ಹತ್ತಿದ್ದೀರಿ. ಚಪ್ಪಲಿ ತಿರುಗಿಸಿ ನೋಡಿ."

ಅವನು ಎಡಗಾಲಿನ ಚಪ್ಪಲಿ ತೆಗೆದು ತಿರುಗಿಸಿದ. ಅಡಿಭಾಗ ಕಪ್ಪಗೆ ಅಂಟಂಟಾಗಿತ್ತು.

"ನಾನು ಒಂದೇ ಪ್ರಶ್ನೆ ಹಿಡ್ಕೊಂಡೆ," ಸಿಸ್ಟರ್ ಎದ್ದು ನಿಂತಳು. "ವ್ಯಾನ್ ಕೆಟ್ಟರೆ ಯಾರಿಗೆ ಲಾಭ? ಬಾಮೈದನಿಗೆ ಅಂತ ನಿಮಗೆಲ್ಲ ಅನ್ನಿಸ್ತು. ದಾರವೂ ಅವನದೇ. ಆದರೆ ಆ ದಾರ ಮನೆಯಲ್ಲಿ ಯಾರ ಕೈಗೆ ಬೇಕಾದ್ರೂ ಸಿಗುತ್ತೆ. ಅವನು ಓಡಿಸಿದ ದಿನ ಸೋರಲ್ಲ ಅನ್ನೋದಕ್ಕೆ ಇನ್ನೊಂದು ಅರ್ಥ ಇದೆ. ಬಿರಡೆ ಇಟ್ಟವರಿಗೆ ಅವನು ಓಡಿಸಿದ್ರೆ ಭಯ ಇಲ್ಲ. ನೀವು ಓಡಿಸಿದ್ರೆ ಭಯ. ವ್ಯಾನ್ ಹಾಳಾಗಲಿ ಅಂತಲ್ಲ, ನೀವು ಮಕ್ಕಳನ್ನ ಕೂರಿಸ್ಕೊಂಡು ರಸ್ತೆಗೆ ಇಳೀಬಾರದು ಅಂತ. ನಿಮಗೆ ಪಕ್ಕದ್ದು ಕಾಣಲ್ಲ ಅನ್ನೋದು ಯಾರಿಗೆ ಗೊತ್ತಿರೋಕೆ ಸಾಧ್ಯ? ದಿನಾ ನಿಮ್ಮ ಜೊತೆ ವ್ಯಾನಲ್ಲಿ ಕೂರೋರಿಗೆ."

ಟೈರುಗಳ ರಾಶಿಯ ಕಡೆಯಿಂದ ಒಂದು ಬಿಕ್ಕು ಕೇಳಿತು.

"ಎಂಜಿನ್ನು ಇರೋದು ಡ್ರೈವರಿನ ಸೀಟಿನ ಹತ್ತಿರ. ಹೊಗೆ ಬಂದ್ರೆ ಮೊದಲು ಮೂಗಿಗೆ ಬಡಿಯಬೇಕಾದ್ದು ನಿಮಗೆ. ಹಿಂದೆ, ಬಾಗಿಲ ಹತ್ತಿರ, ಗಾಳಿಗೆ ಮುಖ ಒಡ್ಡಿ ಕೂತವರಿಗಲ್ಲ. ನಿಮಗೆ ಹೊಗೆಯೂ ಕಾಣಲಿಲ್ಲ, ವಾಸನೆಯೂ ಬರಲಿಲ್ಲ. ಆದ್ರೂ ಅವರು 'ಹೊಗೆ' ಅಂತ ಕೂಗಿದ್ರು. ಇನ್ನೂ ಬಾರದ ಹೊಗೆ ಅವರಿಗೆ ಹೇಗೆ ಗೊತ್ತಾಯ್ತು? ಹೊಗೆ ಬಂದೇ ಬರುತ್ತೆ ಅಂತ ಗೊತ್ತಿದ್ದದ್ದು ಒಬ್ಬರಿಗೇ. ಬಿರಡೆ ಇಟ್ಟವರಿಗೆ." ಸಿಸ್ಟರ್ ತಿರುಗಿದಳು. "ಅಲ್ವೇನಮ್ಮಾ?"

ಅತ್ತೆ ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದಳು. ತೆಗೆದಳು.

"ನಾನೇ," ಎಂದಳು. "ನಾನೇ ಇಟ್ಟದ್ದು."

"ನೀನಾ?" ವ್ಯಾನ್ ಮಾವ ಹೆಂಡತಿಯತ್ತ ತಿರುಗಿದ. "ನನಗೆ ಒಂದು ಮಾತು ಹೇಳೋಕೆ ಏನಾಗಿತ್ತೇ ನಿನಗೆ?"

"ಹೇಳ್ದೆ! ಕಂಬಕ್ಕೆ ತಾಗಿಸಿದಾಗ ಹೇಳ್ದೆ, ನೀವು ಕಂಬಾನೇ ಬೈದ್ರಿ. ಸೈಕಲ್ಲಿನವನು ಬೀಳೋ ಹಾಗಾದಾಗ ಹೇಳ್ದೆ, ಅವನಿಗೆ ಕಣ್ಣಿಲ್ವಾ ಅಂದ್ರಿ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಂದ್ರೆ ಒಂದು ದಿನ ಪೂರ್ತಿ ಊಟ ಬಿಟ್ರಿ. ಆಮೇಲೆ ಆ ಪುಟ್ಟ ಮಗು..." ಅವಳು ವ್ಯಾನಿನ ಮುಂಭಾಗದ ಕಡೆ ಕೈ ತೋರಿಸಿದಳು. "ಇಳಿದು ವ್ಯಾನಿನ ಮುಂದಿಂದ ಬಳಸಿ ಬರ್ತಿತ್ತು. ನಾನು ನೋಡ್ತಾ ಇದ್ದೀನಿ, ನೀವು ಗೇರ್ ಹಾಕಿಬಿಟ್ರಿ. ಓಡಿ ಹೋಗಿ ಎಳ್ಕೊಂಡೆ. ನೀವು ನೋಡಲೇ ಇಲ್ಲ ರೀ. ನಾನು ಯಾಕೆ ಕಿರುಚಿದೆ ಅಂತ ಕೂಡ ಕೇಳಲಿಲ್ಲ. ಅವತ್ತೇ ರಾತ್ರಿ ಬಿರಡೆ ಹೊಲಿದೆ."

ಕಸ ಗುಡಿಸುವ ನೆಪದಲ್ಲಿ ಅವಳು ಪ್ರತಿ ಸಂಜೆ ಸೀಟು ಎತ್ತುತ್ತಿದ್ದಳು. ಯಾರಿಗೂ ಅನುಮಾನ ಬಂದಿರಲಿಲ್ಲ. ಎಣ್ಣೆ ಕಾಣಿಸಿದ ಕೂಡಲೇ 'ನೋಡಿ, ಸೋರ್ತಿದೆ' ಎಂದು ತೋರಿಸಿ, ಗ್ಯಾರೇಜಿಗೆ ಹೊರಡುವ ಮೊದಲು ದಾರ ಎಳೆದುಬಿಡುತ್ತಿದ್ದಳು. ವ್ಯಾನು ಇಲ್ಲಿದ್ದಷ್ಟು ದಿನ ಮಕ್ಕಳು ಬೇರೆ ವ್ಯಾನಿನಲ್ಲಿ ಹೋಗುತ್ತಿದ್ದರು. ಮೊನ್ನೆ ಇಟ್ಟ ಬಿರಡೆಗೆ ನಿನ್ನೆಯ ಓಟದಲ್ಲೇ ಸೀಲು ಸಡಿಲಾಗಿ, ರಾತ್ರಿಯೆಲ್ಲ ತೊಟ್ಟಿಕ್ಕಿತ್ತು. ಎಣ್ಣೆ ಯಾವಾಗಲೂ ತನಗೇ ಮೊದಲು ಕಾಣುತ್ತದಲ್ಲ ಎಂಬ ಸಂಶಯ ಗಂಡನಿಗೆ ಬರಬಾರದೆಂದು ಇವತ್ತು ಬೆಳಗ್ಗೆ ಬಾಯಿ ಬಿಡಲಿಲ್ಲ. ಇಷ್ಟು ದೊಡ್ಡ ಮಡು, ಕಂಡೇ ಕಾಣುತ್ತದೆ ಎಂದುಕೊಂಡಳು. ಅವನು ಅದನ್ನು ತುಳಿದುಕೊಂಡು ಹೋಗಿ ವ್ಯಾನ್ ಶುರು ಮಾಡಿದ. ಮೊದಲ ಮಗು ಗೇಟಿನಲ್ಲೇ ಕಾಯುತ್ತಿತ್ತು.

"ಆಗಲೇ ಹೇಳಬೇಕಿತ್ತು," ಎಂದಳು ಸಿಸ್ಟರ್. ಅವಳ ದನಿಯಲ್ಲಿ ಕರುಣೆ ಇರಲಿಲ್ಲ. "ಆ ಹೊಗೆ ಬೆಂಕಿ ಆಗಿದ್ರೆ?"

"ಬಾಯಿ ಬರಲಿಲ್ಲ ಸಿಸ್ಟರ್. ದೊಡ್ಡ ರಸ್ತೆಗೆ ಬರೋವರೆಗೂ ಬಾಯಿ ಬರಲಿಲ್ಲ. ಆಮೇಲೆ ಏನು ಕೂಗಿದೆನೋ ನನಗೇ ಗೊತ್ತಿಲ್ಲ."

ಮೇಸ್ತ್ರಿಗೆ ಈಗ ತಡೆಯಲಾಗಲಿಲ್ಲ.

"ನನ್ನನ್ನ ಬೀದಿಯಲ್ಲಿ ನಿಲ್ಲಿಸಿ ಬೈಯುವಾಗೆಲ್ಲ ನೀವು ಪಕ್ಕದಲ್ಲೇ ಇದ್ರಿ ಅತ್ತೆ. ನನ್ನ ಕೈ ಬಗ್ಗೆ ನನಗೇ ಅನುಮಾನ ಬಂದಿತ್ತು. ನಿದ್ದೆಯಲ್ಲೂ ಸೀಲು ಕೂರಿಸ್ತಿದ್ದೆ."

"ಹೌದಪ್ಪಾ. ಪಕ್ಕದಲ್ಲೇ ಇದ್ದೆ." ಅತ್ತೆ ತಲೆ ಎತ್ತಲಿಲ್ಲ. "ನೀನು ಏನಂದ್ರೂ ಕಡಿಮೆನೇ."

ಅವನಿಗೆ ಅನ್ನಬೇಕಾದ್ದು ಬೇಕಾದಷ್ಟಿತ್ತು. ಆದರೆ ಆ ಬಾಗಿದ ತಲೆಯನ್ನು ನೋಡಿ, ಬಿರಡೆಯನ್ನು ಬೆಂಚಿನ ಮೇಲಿಟ್ಟು ಕೈ ಒರೆಸಿಕೊಂಡ.

ವ್ಯಾನ್ ಮಾವ ಇನ್ನೂ ಆ ಚಪ್ಪಲಿಯನ್ನೇ ಹಿಡಿದು ಕೂತಿದ್ದ. ಬಾಮೈದ ಹೋಗಿ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತ. ಭಾವ ತಿರುಗಿ ನೋಡಲಿಲ್ಲ. ಕೂತದ್ದು ಅವನಿಗೆ ಕಂಡಿರಲಿಲ್ಲವೆಂದು ಈಗ ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಬಾಮೈದನೇ ಭುಜ ಮುಟ್ಟಿದ.

"ಭಾವ, ಇಲ್ಲಿದ್ದೀನಿ."

"ಕಾಲರ್ ಹಿಡಿದುಬಿಟ್ಟೆ ಕಣೋ," ಎಂದ ವ್ಯಾನ್ ಮಾವ.

"ಇರಲಿ ಬಿಡಿ."

"ಹೋದ ದೃಷ್ಟಿ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ," ಎಂದಳು ಸಿಸ್ಟರ್. "ಆದ್ರೆ ಉಳಿದಿರೋದನ್ನ ಉಳಿಸ್ಕೊಳ್ಳೋಕೆ ಆಗುತ್ತಾ ಅಂತ ಡಾಕ್ಟರೇ ಹೇಳಬೇಕು. ನನ್ನ ಜೊತೆ ಕೆಲಸ ಮಾಡಿದ ಕಣ್ಣಿನ ಡಾಕ್ಟರೊಬ್ಬರು ಇದ್ದಾರೆ. ಇವತ್ತೇ ಹೋಗೋಣ."

ಅಷ್ಟರಲ್ಲಿ ಆಫೀಸು ಕೋಣೆಯ ಫೋನ್ ಹೊಡೆದುಕೊಳ್ಳತೊಡಗಿತು. ಸ್ಕೂಲಿನವರೇ. ಸಂಜೆಯವರೆಗೆ ಕಾಯುವ ವ್ಯವಧಾನ ಅವರಿಗಿರಲಿಲ್ಲ. ಸಿಸ್ಟರ್ ಹೆಜ್ಜೆ ಇಡುವ ಮೊದಲೇ ವ್ಯಾನ್ ಮಾವ ಎದ್ದ. ಬಾಗಿಲ ಚೌಕಟ್ಟನ್ನು ಕೈಯಿಂದ ತಡವಿ, ಒಳಗೆ ಹೋಗಿ ಫೋನ್ ಎತ್ತಿಕೊಂಡ. ಅವನು ಬೆಳಗ್ಗೆಯಿಂದ ಹೇಳುತ್ತಿದ್ದದ್ದನ್ನೇ ಹೇಳಿಬಿಟ್ಟಾನೇ? ಹೆಂಡತಿಯ ಹೆಸರು ಎತ್ತಿಬಿಟ್ಟಾನೇ? ಮೇಸ್ತ್ರಿ ಬಾಗಿಲ ಹೊರಗೆ ಮೈಯೆಲ್ಲ ಕಿವಿಯಾಗಿ ನಿಂತ.

"ಹಲೋ, ನಾನೇ... ಹೌದು ಮೇಡಂ, ಕಾರಣ ಗೊತ್ತಾಯ್ತು. ಮೇಸ್ತ್ರಿದು ಏನೂ ತಪ್ಪಿಲ್ಲ... ಇಲ್ಲ, ಪೂರ್ತಿ ಕೇಳಿ. ಅವರ ಮೇಲೆ ಯಾರೂ ಕಂಪ್ಲೇಂಟ್ ಕೊಡಬಾರದು. ಆ ಪೋಷಕರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಎಂಜಿನ್ನಿನ ಪೈಪ್ ಕಟ್ಟಿತ್ತು. ಅದು ನಮ್ಮನೆಯಿಂದಲೇ ಆದದ್ದು. ಎಣ್ಣೆ ಸೋರಿದ್ದು ನಾನು ನೋಡಬೇಕಿತ್ತು."

ಆ ಕಡೆಯವರು ಏನೋ ಕೇಳಿದರು.

"ಯಾಕೆ ನೋಡಲಿಲ್ಲ ಅಂದ್ರೆ... ನನಗೆ ಕಣ್ಣು ಕಾಣ್ತಿಲ್ಲ ಮೇಡಂ. ನಾಳೆಯಿಂದ ನಾನು ಓಡಿಸಲ್ಲ."

ಫೋನ್ ಇಟ್ಟ. ಹೊರಗೆ ಬಂದು, ಅಂಗಿಯ ಜೇಬಿನಿಂದ ವ್ಯಾನಿನ ಕೀ ತೆಗೆದು ಬಾಮೈದನಿಗೆ ಕೊಟ್ಟ. ಮೇಸ್ತ್ರಿಯ ಎದುರಿಗೆ ಬಂದು ನಿಂತ. ಮೇಸ್ತ್ರಿಯ ಮುಂಗೈಯನ್ನು ಎರಡೂ ಕೈಗಳಿಂದ ಹಿಡಿದು ಒಮ್ಮೆ ಅದುಮಿ ಬಿಟ್ಟ.

ಸಿಸ್ಟರ್ ಮುಂದೆ ನಡೆದಳು. ಗೇಟಿನ ಹೊರಗೆ ರಸ್ತೆಯ ತುಂಬ ವಾಹನಗಳು. ಅತ್ತೆ ತುಸು ಹಿಂದೆಯೇ, ಹತ್ತಿರ ಹೋಗಲೋ ಬೇಡವೋ ಎಂದು ನಿಂತಿದ್ದಳು. ವ್ಯಾನ್ ಮಾವ ರಸ್ತೆಯ ಅಂಚಿಗೆ ಬಂದು ನಿಂತ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ತಲೆಯನ್ನು ಪೂರ್ತಿ ತಿರುಗಿಸಿ ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ಹಿಂದಕ್ಕೆ ಕೈ ಚಾಚಿ, "ಎಲ್ಲಿದೀಯೇ? ದಾಟಿಸು ಬಾ," ಎಂದ.